ತಣ್ಣಗಾದ ಬಿಲ್ಲೆ

ವೈಜಯಂತಿ ಬೆಳಗಿನಿಂದ ಒಂದು ತುತ್ತೂ ಮುಟ್ಟಿರಲಿಲ್ಲ. ಸಂಜೆ ಸಂಗೀತ ಕಚೇರಿ ಇದ್ದ ದಿನ ಅವಳು ಕಡಿಮೆ ತಿನ್ನುವುದು ಹೊಸದೇನಲ್ಲ. ಆದರೆ ಈವತ್ತು ತಮ್ಮ ಕಲಸಿಕೊಟ್ಟ ಮೊಸರನ್ನದ ತಟ್ಟೆಯನ್ನು ಎದುರಿಗಿಟ್ಟುಕೊಂಡು, ಎಡಗೈ ಮಣಿಕಟ್ಟನ್ನು ಬಲಗೈ ಹೆಬ್ಬೆರಳಿನಿಂದ ಉಜ್ಜುತ್ತ, ಕಿಟಕಿಯಾಚೆ ನೋಡುತ್ತ ಕೂತುಬಿಟ್ಟಿದ್ದಳು.

“ಅಕ್ಕಾ, ಎರಡು ತುತ್ತು ತಿನ್ನೇ. ಖಾಲಿ ಹೊಟ್ಟೇಲಿ ಹಾಡಿದ್ರೆ ತಲೆ ಸುತ್ತುತ್ತೆ.”

“ತಿಂದ್ರೆ ವಾಂತಿ ಆಗುತ್ತೆ ಕಣೋ ಪ್ರಾಣಿ. ಹೋದ ಸಲ ಗ್ರೀನ್ ರೂಮಲ್ಲಿ ಏನಾಯ್ತು ಅಂತ ನೋಡಿದ್ಯಲ್ಲ.”

ಪ್ರಾಣೇಶನನ್ನು ‘ಪ್ರಾಣಿ’ ಎಂದು ಕರೆಯುವ ಹಕ್ಕು ಇಡೀ ಮೈಸೂರಿನಲ್ಲಿ ಅವಳೊಬ್ಬಳಿಗೇ ಇತ್ತು. ಮದುವೆಯ ಗೊಡವೆಗೆ ಹೋಗದ ಅಕ್ಕ ತಮ್ಮ ಇಬ್ಬರೂ ಸರಸ್ವತಿಪುರಂನ ಬಾಡಿಗೆ ಮನೆಯೊಂದರಲ್ಲಿ ಜಗಳವಾಡಿಕೊಂಡು ಸುಖವಾಗಿದ್ದವರು. ಅವಳು ಹಾಡುಗಾರ್ತಿ, ಐವತ್ತು ದಾಟಿದವಳು. ಅವನು ನರವಿಜ್ಞಾನದ ಯಂತ್ರಗಳನ್ನು ಮಾಡುವ ಪ್ರಯೋಗಾಲಯದಲ್ಲಿ ಎಂಜಿನಿಯರು. ಈಗೀಗ ಜಗಳವೂ ಇಲ್ಲ, ಸುಖವೂ ಇಲ್ಲ. ಅದಕ್ಕೆ ಕಾರಣ ಅವನೇ ಮಾಡಿದ ಒಂದು ಬಿಲ್ಲೆ.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ,” ಎಂದಳು ವೈಜಯಂತಿ. “ಈವತ್ತೂ ಅದು ತಣ್ಣಗಾದ್ರೆ ನಾನು ಇನ್ನು ವೇದಿಕೆ ಹತ್ತಲ್ಲ. ಸಂಗೀತ ಸಭೆಯವರು ಕರೀಲಿ, ಬಿಡಲಿ, ನಾನೇ ಹೋಗಲ್ಲ. ಸಾಕು.”

“ಅಯ್ಯೋ, ಏನೇ ಹಾಗಂದ್ರೆ! ಹಾಡದೆ ನೀನು ಏನು ಮಾಡ್ತೀಯ?”

“ಅದೇ ನನಗೂ ಗೊತ್ತಾಗ್ತಿಲ್ಲ,” ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಅಕ್ಕ ಆಡಿ ಮರೆಯುವ ಜಾತಿಯವಳಲ್ಲ. ಬಿಡುತ್ತೇನೆ ಎಂದರೆ ಬಿಟ್ಟೇಬಿಡುತ್ತಾಳೆ. ಹಾಡು ಬಿಟ್ಟ ಅಕ್ಕನನ್ನು ಈ ಮನೆಯಲ್ಲಿ ದಿನಾ ನೋಡುವುದು ಹೇಗೆ ಎಂದು ಪ್ರಾಣೇಶ ಯೋಚಿಸಿದ.

ಆ ಬಿಲ್ಲೆಯ ಕಥೆ ಹೀಗೆ. ಹಾಡುವವರಿಗೆ ಒಂದು ಹಳೆಯ ಸಂಕಟ ಉಂಟಷ್ಟೆ: ಎದುರಿಗೆ ಕೂತವರ ಮನಸ್ಸು ತನ್ನ ಜೊತೆ ಇದೆಯೋ, ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿದೆಯೋ ತಿಳಿಯುವುದು ಹೇಗೆ? ಕಣ್ಣುಮುಚ್ಚಿ ಹಾಡುವವರಿಗಂತೂ ದೇವರೇ ಗತಿ. ಕೇಳುಗರ ಮನಸ್ಸು ಹಾಡುವವರ ಮೈಗೇ ತಿಳಿಯುವಂತಾದರೆ? ಪ್ರಾಣೇಶನಿಗೆ ಈ ಯೋಚನೆ ಹೊಳೆದದ್ದು ಅಕ್ಕನಿಗಾಗಿಯೇ. ಸಭಾಂಗಣಕ್ಕೆ ಬರುವ ಪ್ರತಿಯೊಬ್ಬರ ಬಲಗೈಗೂ ಒಂದು ಹಗುರವಾದ ಕಂಕಣ. ಅದು ನಾಡಿಯ ವೇಗ, ಚರ್ಮದ ಬೆವರು, ಕೈಯ ಚಲನೆ ಇವನ್ನು ಅಳೆದು ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಯಂತ್ರ ಎಲ್ಲವನ್ನೂ ಕೂಡಿಸಿ ಸಭೆಯ ತನ್ಮಯತೆ ಇಷ್ಟು ಎಂದು ಗ್ರಾಫ್ ಬರೆಯುತ್ತದೆ. ಕಲಾವಿದರ ಎಡಗೈ ಮಣಿಕಟ್ಟಿನ ಒಳಬದಿಗೆ ಅಂಟಿಸಿದ ಪುಟ್ಟ ಲೋಹದ ಬಿಲ್ಲೆ ಆ ಗ್ರಾಫಿಗೆ ತಕ್ಕಂತೆ ಬಿಸಿಯಾಗುತ್ತದೆ, ಇಲ್ಲವೇ ತಣ್ಣಗಾಗುತ್ತದೆ. ಅಷ್ಟೆ.

ಅಷ್ಟೆ ಎಂದದ್ದು ಸುಮ್ಮನೆ. ಕೆಲವೇ ವರ್ಷಗಳಲ್ಲಿ ಬಿಲ್ಲೆಯಿಲ್ಲದ ಕಚೇರಿಯೇ ಇಲ್ಲವೆಂಬಂತಾಯಿತು. ಮಣಿಕಟ್ಟು ಬೆಚ್ಚಗಾಗುವ ಕಡೆಗೆ ಎಲ್ಲರ ಹಾಡೂ ಮೆಲ್ಲಗೆ ಜಾರಿತು. ಮುಕ್ಕಾಲು ಗಂಟೆ ಹಬ್ಬುತ್ತಿದ್ದ ರಾಗಾಲಾಪನೆ ಉಪ್ಪಿನಕಾಯಿಯಷ್ಟಾಯಿತು. ವಿಳಂಬದ, ನಿಧಾನ ನಡೆಯ ಕೃತಿಗಳನ್ನು ಕೇಳುವವರಿಲ್ಲವೆಂದು ಹಾಡುವವರು ಬಿಟ್ಟರು. ಎಲ್ಲೆಲ್ಲೂ ಓಟದ ಹಾಡು, ಸ್ವರಗಳ ಸುರಿಮಳೆ, ಮೃದಂಗದವರಿಗೆ ಹಬ್ಬವೋ ಹಬ್ಬ. ಹಿಂದೆ ಮೃದಂಗದ ತನಿ ಆವರ್ತನ ಶುರುವಾದೊಡನೆ, ಪಾಪ, ನುಡಿಸುವವರೊಬ್ಬರನ್ನೇ ಬಿಟ್ಟು ಅರ್ಧ ಸಭೆ ಕಾಫಿಗೆ ಎದ್ದುಹೋಗುತ್ತಿತ್ತು. ಈಗ ಯಾರೂ ಏಳುವುದಿಲ್ಲ. ಸಭೆಯ ಕ್ಯಾಂಟೀನ್ ಮುಚ್ಚಿಹೋಯಿತು. ಜನ ಚಪ್ಪಾಳೆ ತಟ್ಟಿ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. “ಎಲ್ಲಾ ಸರಿ, ಆದ್ರೆ ಯಾರೂ ಗುನುಗಿಕೊಂಡು ಹೋಗಲ್ವಲ್ಲೋ,” ಎಂದು ವೈಜಯಂತಿ ಒಮ್ಮೆ ಹೇಳಿದ್ದಳು. ಪ್ರಾಣೇಶ ಅದಕ್ಕೆ ನಕ್ಕಿದ್ದ.

ವೈಜಯಂತಿಗೆ ಓಟದ ಹಾಡು ಬರುತ್ತಿರಲಿಲ್ಲವೆಂದಲ್ಲ, ಬೇಕಾಗಿರಲಿಲ್ಲ. ಅವಳದು ನಿಧಾನದ ದಾರಿ. ಹೋದ ವರ್ಷ ಬೇಗಡೆ ರಾಗವನ್ನು ಬಿಡಿಸುತ್ತಿದ್ದಾಗ ಬಿಲ್ಲೆ ಮಂಜುಗಡ್ಡೆಯಂತೆ ತಣ್ಣಗಾಯಿತು. ಹೇಗೋ ಮುಗಿಸಿದಳು. ಎರಡನೆಯ ಸಲ ತೋಡಿ. ರಾಗ ಇನ್ನೂ ಅರ್ಧಕ್ಕೇ ಬಂದಿತ್ತು. ಮಣಿಕಟ್ಟು ತಣ್ಣಗಾದದ್ದೇ ಅವಳಿಗೆ ದಿಕ್ಕು ತಪ್ಪಿತು. ಆಲಾಪನೆಯನ್ನು ಅಲ್ಲಿಗೇ ಬಿಟ್ಟು ಯಾವುದೋ ಚುರುಕಾದ ಕೃತಿಗೆ ಹಾರಿದಳು. ಅಂದಿನಿಂದ ಅವಳಿಗೆ ಒಂದೇ ಹೆದರಿಕೆ. ನಿದ್ದೆಯಲ್ಲೂ ಮಣಿಕಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮೂರು ಸಲ ಗ್ರಾಫ್ ನಿಗದಿ ಮಾಡಿದ ಗೆರೆಗಿಂತ ಕೆಳಗಿಳಿದರೆ ಆ ಕಲಾವಿದರನ್ನು ಕರೆಯಬಾರದೆಂಬ ನಿಯಮವನ್ನೂ ಸಭೆಯವರು ಮಾಡಿಕೊಂಡಿದ್ದರು. ಈವತ್ತೂ ಇಳಿದರೆ ಅದು ಮೂರನೆಯದು.

ಸಂಜೆ ಸಭಾಂಗಣ ತುಂಬಿತ್ತು. ಬಾಲ್ಕನಿಯ ಹಿಂದಿನ ಕಂಟ್ರೋಲ್ ರೂಮಿನಲ್ಲಿ ಪ್ರಾಣೇಶ ಒಬ್ಬನೇ ಕೂತಿದ್ದ. ಆ ಕೋಣೆಯಿಂದ ವೇದಿಕೆ ಕಾಣುತ್ತದೆ, ಕೇಳುಗರು ಕಾಣುವುದಿಲ್ಲ. ಅವರು ಕಾಣಬೇಕಾದ ಅಗತ್ಯವೇ ಇಲ್ಲವೆಂದು ಹಾಗೆ ಕಟ್ಟಿದ್ದರು, ಪರದೆಯ ಮೇಲೆ ಅವರ ನಾಡಿಯೇ ಕಾಣುವಾಗ ಮುಖ ಯಾಕೆ!

ಆರಂಭದ ವರ್ಣ, ಆಮೇಲೊಂದು ಚಿಕ್ಕ ಕೃತಿ, ಎಲ್ಲ ಸರಿಯಾಗಿಯೇ ಹೋಯಿತು. ಗ್ರಾಫ್ ಗೆರೆಯ ಮೇಲೇ ಇತ್ತು. ಆಮೇಲೆ ವೈಜಯಂತಿ ಶಂಕರಾಭರಣ ಎತ್ತಿಕೊಂಡಳು. ಎರಡು ನಿಮಿಷಕ್ಕೆಲ್ಲ ಗ್ರಾಫ್ ಬಾಗತೊಡಗಿತು. ವೇದಿಕೆಯ ಮೇಲೆ ಅವಳ ಬಲಗೈ ಎಡ ಮಣಿಕಟ್ಟಿನ ಕಡೆ ಹೋದದ್ದನ್ನು ಪ್ರಾಣೇಶ ಕಂಡ. ಧ್ವನಿಯಲ್ಲಿ ಸಣ್ಣಗೆ ನಡುಕ ಬಂತು. ಮುಗಿಯಿತು, ಇನ್ನೊಂದು ಗಳಿಗೆಗೆ ಅವಳು ಬಿಟ್ಟುಬಿಡುತ್ತಾಳೆ, ರಾಗವನ್ನೂ, ಎಲ್ಲವನ್ನೂ ಎಂದುಕೊಂಡ.

ಅವನ ಮೇಜಿನ ಮೇಲೆ ಒಂದು ತಿರುಗುಗುಂಡಿ ಇತ್ತು. ಕಚೇರಿಗೆ ಮುಂಚೆ ಬಿಲ್ಲೆ ಸರಿಯಾಗಿ ಕಾಯುತ್ತದೆಯೇ ಎಂದು ಪರೀಕ್ಷಿಸಲು ಇಟ್ಟದ್ದು. ಅದನ್ನು ತಿರುಗಿಸಿದರೆ ಗ್ರಾಫಿಗೂ ಬಿಲ್ಲೆಗೂ ಸಂಬಂಧ ತಪ್ಪಿ, ಎಷ್ಟು ಬಿಸಿ ಬೇಕೋ ಅಷ್ಟು ಕೈಯಿಂದಲೇ ಕೊಡಬಹುದು. ಕಚೇರಿಯ ನಡುವೆ ಯಾರೂ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಕೆಲಸಕ್ಕೇ ಸಂಚಕಾರ. ಪ್ರಾಣೇಶ ಯೋಚಿಸಲೇ ಇಲ್ಲ. ತಿರುಗಿಸಿದ.

ವೇದಿಕೆಯ ಮೇಲೆ ವೈಜಯಂತಿಯ ಬಲಗೈ ಮಣಿಕಟ್ಟನ್ನು ಬಿಟ್ಟಿತು. ಭುಜ ಸಡಿಲವಾಯಿತು. ಅವಳು ಒಂದು ದೀರ್ಘ ಉಸಿರೆಳೆದುಕೊಂಡು ಗಾಂಧಾರ ಸ್ವರದ ಮೇಲೆ ನಿಂತಳು. ಯಾವ ಅವಸರವೂ ಇಲ್ಲದೆ, ವರ್ಷಗಳಿಂದ ಹಾಡದ ಹಾಗೆ ಹಾಡತೊಡಗಿದಳು. ಪ್ರಾಣೇಶನ ಕಣ್ಣು ಮಂಜಾಯಿತು. ಅಕ್ಕ ಬದುಕಿದಳು ಎಂದುಕೊಂಡ.

ಪರದೆಯ ಕಡೆ ತಿರುಗಿದ. ಗ್ರಾಫ್ ಇನ್ನೂ ಕೆಳಕ್ಕಿಳಿಯುತ್ತಿತ್ತು. ಅವಳು ರಾಗದೊಳಕ್ಕೆ ಹೋದಷ್ಟೂ ಅದು ಕುಸಿಯುತ್ತಿತ್ತು. ಒಂದೊಂದೇ ಕಂಕಣದ ಹಸಿರು ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ನಾಡಿ ನಿಧಾನ, ಬೆವರಿಲ್ಲ, ಕೈ ಅಲ್ಲಾಡುತ್ತಿಲ್ಲ. ಇಂಥ ಲಕ್ಷಣಕ್ಕೆ ಯಂತ್ರಕ್ಕೆ ಗೊತ್ತಿದ್ದ ಹೆಸರು ಒಂದೇ: ನಿದ್ದೆ. ಇಡೀ ಸಭೆ ನಿದ್ದೆ ಹೋಗುತ್ತಿದೆ, ಅಕ್ಕ ಅವರೆಲ್ಲ ತನ್ನೊಡನೆ ಇದ್ದಾರೆಂದು ನಂಬಿ ಕಣ್ಣುಮುಚ್ಚಿ ಹಾಡುತ್ತಿದ್ದಾಳೆ, ನಂಬಿಸಿದವನು ತಾನು! ಈಗ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರೆ ಬಿಲ್ಲೆ ಒಮ್ಮೆಲೇ ತಣ್ಣಗಾಗಿ ಅವಳು ಅಲ್ಲೇ ಕುಸಿಯುತ್ತಾಳೆ. ತಿರುಗಿಸದಿದ್ದರೆ ಇನ್ನಷ್ಟು ಹಾಡುತ್ತಾಳೆ, ಇನ್ನಷ್ಟು ಜನ ಮಲಗುತ್ತಾರೆ. ಅತ್ತ ದರಿ ಇತ್ತ ಪುಲಿ ಎಂಬಂತಾಗಿ, ಬೆವರಿದ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡೇ ಕೂತ.

ಬಾಗಿಲು ದಡಕ್ಕನೆ ತೆರೆಯಿತು. ಸಭೆಯ ಕಾರ್ಯದರ್ಶಿ ಕೇಶವಪ್ರಸಾದರು ತಮ್ಮ ಕೋಣೆಯಲ್ಲಿ ಲೆಕ್ಕಪತ್ರ ಬಿಟ್ಟು ಫೋನ್ ಹಿಡಿದುಕೊಂಡೇ ಓಡಿ ಬಂದಿದ್ದರು. ಗ್ರಾಫ್ ಅವರ ಫೋನಿಗೂ ಬರುತ್ತಿತ್ತು.

“ಏನ್ರೀ ಪ್ರಾಣೇಶ್, ಗ್ರಾಫ್ ಮಕಾಡೆ ಮಲಗಿಬಿಟ್ಟಿದೆಯಲ್ರೀ! ಇಷ್ಟು ಕೆಳಗೆ ಹೋಗಿದ್ದು ನಾನು ನೋಡೇ ಇಲ್ಲ. ಚೀಟಿ ಕಳಿಸಿಬಿಡ್ತೀನಿ, ದೇವರನಾಮ ಶುರು ಮಾಡ್ಲಿ ಅಂತ.”

“ಬೇಡ ಸರ್, ದಮ್ಮಯ್ಯ. ಐದೇ ನಿಮಿಷ ತಡೀರಿ.”

“ನಿಮ್ಮ ಅಕ್ಕ ಅಂತ ನಿಮಗೆ ಕಕ್ಕುಲಾತಿ, ಸಹಜ. ಆದ್ರೆ ಜನ ಎದ್ದು ಹೋದ್ರೆ ಕಮಿಟಿಯವರು ನನಗೆ ಮಂಗಳಾರತಿ ಎತ್ತುತ್ತಾರೆ,” ಎಂದು ಚೀಟಿ ಗೀಚಿಕೊಂಡು ಹೊರಟೇಬಿಟ್ಟರು.

ಪ್ರಾಣೇಶ ಗುಂಡಿಯನ್ನು ಬಿಸಿಯಲ್ಲೇ ಬಿಟ್ಟು ಅವರ ಹಿಂದೆ ಮೆಟ್ಟಿಲಿಳಿದು ಓಡಿದ. ವೇದಿಕೆಗೆ ಹೋಗುವ ಪಕ್ಕದ ಬಾಗಿಲಲ್ಲಿ ಅವರ ತೋಳು ಹಿಡಿದ. ಬಿಡಿಸಿಕೊಳ್ಳಲು ನೋಡುತ್ತಿದ್ದ ಕೇಶವಪ್ರಸಾದರು ಯಾಕೋ ಹಾಗೆಯೇ ನಿಂತರು. ಇಬ್ಬರೂ ಸಭಾಂಗಣವನ್ನು ನೋಡಿದರು.

ಯಾರೂ ಮಲಗಿರಲಿಲ್ಲ.

ಮೊದಲ ಸಾಲಿನಲ್ಲಿ ತೊಡೆ ಕೆಂಪಾಗುವಂತೆ ತಾಳ ಹಾಕುವುದಕ್ಕೆ ಹೆಸರಾದ ಯಜಮಾನರ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅವರ ಪಕ್ಕದ ಹೆಂಗಸು ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಹಿಂದಿನ ಸಾಲುಗಳಲ್ಲಿ ಬಾಯಿ ತೆರೆದವರು, ಕುರ್ಚಿಯ ತುದಿಗೆ ಬಂದವರು, ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತವರು. ಕೆಮ್ಮಿಲ್ಲ, ಸದ್ದಿಲ್ಲ. ವೇದಿಕೆಯ ಮೇಲೆ, ಹಾಡುವವರನ್ನು ನೆರಳಿನಂತೆ ಹಿಂಬಾಲಿಸಬೇಕಾದ ಪಿಟೀಲಿನವರೇ ಕಮಾನು ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕೂತುಬಿಟ್ಟಿದ್ದರು. ಅಷ್ಟು ಕೈಗಳಲ್ಲಿ ಒಂದೂ ಅಲ್ಲಾಡುತ್ತಿರಲಿಲ್ಲ.

ಪ್ರಾಣೇಶನ ತಲೆಗೆ ಸಿಡಿಲು ಬಡಿದಂತಾಯಿತು. ಯಂತ್ರಕ್ಕೆ ಪಾಠ ಕಲಿಸಿದ ದಿನಗಳು ನೆನಪಿಗೆ ಬಂದವು. ಪ್ರಯೋಗಾಲಯದ ಮುಖ್ಯಸ್ಥ ಡಾ. ಕುಸುಮಾಕರ ಆಗ ಕುಣಿದಾಡಿದ್ದರು: “ಬೇರೆ ದೇಶದೋರು ಮೆದುಳು, ಕಣ್ಣು ಅಂತ ಒದ್ದಾಡ್ತಿದಾರೆ. ನಮ್ಮ ರಸಿಕ ತಾನೇ ತಾಳ ಹಾಕಿ ಹೇಳ್ತಾನಲ್ಲಯ್ಯಾ, ನಾನು ಕೇಳ್ತಿದೀನಿ ಅಂತ!” ಹೌದೆಂದು ಎಲ್ಲರೂ ತಲೆದೂಗಿದ್ದರು. ಕೈಯ ಚಲನೆಗೇ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿದ್ದರು. ತಾಳ ಹಾಕುವವನು ಕೇಳುತ್ತಿರುತ್ತಾನೆ, ನಿಜ. ಆದರೆ ಹಾಡು ಪೂರಾ ಒಳಗಿಳಿದಾಗ ಆ ಕೈ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಆಲಾಪನೆಗಂತೂ ತಾಳವೇ ಇಲ್ಲ. ಸಂಗೀತದ ಮನೆಯಲ್ಲೇ ಬೆಳೆದ ತನಗೆ ಇಷ್ಟು ಹೊಳೆಯಲಿಲ್ಲವೇ! ಎಷ್ಟು ಜನ ವಿದ್ವಾಂಸರಿಗೆ, ಅವರು ಅತ್ಯಂತ ಚೆನ್ನಾಗಿ ಹಾಡುತ್ತಿದ್ದ ಗಳಿಗೆಯಲ್ಲೇ, ಈ ಯಂತ್ರ ಸಾಕು ನಿಲ್ಲಿಸು ಎಂದು ಹೇಳಿರಬೇಕು.

ಕೇಶವಪ್ರಸಾದರ ಕೈಯ ಚೀಟಿ ಮುದ್ದೆಯಾಗಿತ್ತು. ಮೂಗೆಳೆದುಕೊಂಡು ಪಿಸುಗುಟ್ಟಿದರು: “ಏನ್ ಹಾಡ್ತಾರ್ರೀ ಮಹಾತಾಯಿ.”

“ನಿಮ್ಮ ಗ್ರಾಫ್ ನೋಡ್ಕೊಳಿ ಸರ್.”

ಅವರು ಫೋನ್ ನೋಡಿದರು. ಅವರ ಬಲಗೈಯಲ್ಲೂ ಕಂಕಣವಿತ್ತು, ಅವರ ಹೆಸರಿನ ಮುಂದೆಯೂ ಬೂದಿಯ ಚುಕ್ಕೆ ಇತ್ತು.

“ನಿದ್ದೆ ಅಂತಿದೆಯಲ್ರೀ ಇದು! ಎಲಾ ಇದರ!” ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಾರ್ಯದರ್ಶಿಯಾದರು. “ನನಗೇನೋ ಕಣ್ಣಲ್ಲಿ ನೀರು ಬಂತು. ಆದ್ರೆ ಕಮಿಟಿ ಮುಂದೆ ಕಣ್ಣೀರು ಇಡೋಕಾಗುತ್ತಾ? ಗ್ರಾಫೇ ಇಡಬೇಕು. ನಾಳೆ ಮಧ್ಯಾಹ್ನ ಮೀಟಿಂಗು. ಪಟ್ಟಿಯಿಂದ ಅವರ ಹೆಸರು ಹೋಗುತ್ತೆ, ಏನು ಮಾಡೋಣ ಹೇಳಿ.”

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಒಗ್ಗರಣೆಯ ಘಮ. ವೈಜಯಂತಿ ಎಷ್ಟೋ ತಿಂಗಳ ಮೇಲೆ ತಾನೇ ಉಪ್ಪಿಟ್ಟು ಮಾಡಿ, ತಮ್ಮನಿಗೆ ಹಾಕಿಕೊಟ್ಟು, ತಾನೂ ಗಬಗಬನೆ ತಿನ್ನುತ್ತಿದ್ದಳು.

“ಒಂದ್ ಸಲಾನೂ ತಣ್ಣಗಾಗ್ಲಿಲ್ಲ ಕಣೋ! ಶುರುವಿನಲ್ಲಿ ಒಂಚೂರು ಹಾಗನ್ನಿಸ್ತು, ಸತ್ತೆ ಅಂದ್ಕೊಂಡೆ. ಆಮೇಲೆ ನೋಡು, ಬೆಚ್ಚಗೆ, ಅಮ್ಮ ಕೈ ಹಿಡ್ಕೊಂಡ ಹಾಗೆ. ಇಷ್ಟು ದಿನ ನಾನು ಸುಮ್ಮನೆ ನಿನ್ನ ಬಿಲ್ಲೇನ ಬೈಕೊಂಡೆ.”

ಪ್ರಾಣೇಶ ಉಪ್ಪಿಟ್ಟಿನ ತಟ್ಟೆಯನ್ನು ಸರಿಸಿದ. ಹೇಳದೆ ಇದ್ದುಬಿಡಬಹುದಿತ್ತು. ಆದರೆ ಮಧ್ಯಾಹ್ನಕ್ಕೆ ಕಮಿಟಿಯವರ ಫೋನ್ ಬರುತ್ತದೆ, ಗ್ರಾಫ್ ನೆಲ ಕಚ್ಚಿದ್ದು ಬೇರೆಯವರ ಬಾಯಿಂದ ತಿಳಿಯುತ್ತದೆ. ಕೊನೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ: ಗುಂಡಿ, ಬೂದಿಯ ಚುಕ್ಕೆಗಳು, ತೊಡೆಯ ಮೇಲೆ ನಿಂತುಹೋದ ಕೈಗಳು, ಯಂತ್ರದ ತಪ್ಪು, ಮಧ್ಯಾಹ್ನದ ಮೀಟಿಂಗು.

ವೈಜಯಂತಿ ಚಮಚ ಕೆಳಗಿಟ್ಟಳು. “ಅಂದ್ರೆ ಆ ಬಿಸಿ ನೀನು ಮಾಡಿದ್ದು.”

“ಹೂಂ ಅಕ್ಕ. ಆದ್ರೆ ಜನ ನಿಜವಾಗ್ಲೂ…”

“ತಡಿಯೋ. ಒಂದು ಕೇಳ್ತೀನಿ.” ಅವಳ ಮುಖ ಬಿಳುಚಿತ್ತು. “ಹೋದ ಸಲ ತೋಡಿ ಹಾಡ್ತಿದ್ದಾಗ ತಣ್ಣಗಾಯ್ತಲ್ಲ. ಅವಾಗ್ಲೂ ಅವರು ಹೀಗೇ ಕೇಳ್ತಾ ಇದ್ರಾ?”

ಪ್ರಾಣೇಶ ಹೌದೆಂದು ತಲೆಯಾಡಿಸಿದ.

“ನಾನು ಅವರನ್ನ ನಡುದಾರೀಲಿ ಕೈಬಿಟ್ಟು ಹೋದೆನಲ್ಲೋ!” ಎಂದು ವೈಜಯಂತಿ ಮುಖ ಮುಚ್ಚಿಕೊಂಡು ಅತ್ತಳು. ಆ ಅಳು ಗ್ರಾಫ್ ಬಿದ್ದದ್ದಕ್ಕಲ್ಲ, ಹೆಸರು ಹೋಗುವುದಕ್ಕೂ ಅಲ್ಲ. ಪ್ರಾಣೇಶ ಭುಜ ಮುಟ್ಟಲು ಹೋದರೆ ಕೊಡವಿದಳು.

ಮಧ್ಯಾಹ್ನ ಕಮಿಟಿ ಅವಳ ಹೆಸರನ್ನು ತೆಗೆಯಿತು. ಪ್ರಾಣೇಶ ಡಾ. ಕುಸುಮಾಕರರ ಮುಂದೆ ನಿಂತು ಗುಂಡಿ ತಿರುಗಿಸಿದ್ದನ್ನು ಒಪ್ಪಿಕೊಂಡ, ಯಂತ್ರದ ತಪ್ಪನ್ನೂ ವಿವರಿಸಿದ. ಅವರು ಗದರಿದರು, ಆಮೇಲೆ ಗಲ್ಲ ಕೆರೆದುಕೊಂಡರು. “ತೂಕ ತಿದ್ದಿಬಿಡೋಣ ಬಿಡಯ್ಯ. ಕೈ ಅಲ್ಲಾಡದಿದ್ರೆ ತನ್ಮಯ ಅಂತ ಬರಲಿ.”

“ಆಗ ಗೊರಕೆ ಹೊಡೆಯೋರೂ ತನ್ಮಯರಾಗ್ತಾರೆ ಸರ್. ಯಂತ್ರಕ್ಕೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ.”

“ನಿನಗೆ ಗೊತ್ತಾಗುತ್ತೇನು?”

“ಬಾಗಿಲಲ್ಲಿ ನಿಂತು ನೋಡಿದ್ರೆ ಗೊತ್ತಾಗುತ್ತೆ ಸರ್.”

ಕುಸುಮಾಕರರಿಗೆ ಆ ಉತ್ತರ ಹಿಡಿಸಲಿಲ್ಲ. ವಿಚಾರಣೆ ಮುಗಿಯುವವರೆಗೆ ರಜೆ ಹಾಕಿ ಮನೆಯಲ್ಲಿರು ಎಂದರು.

ಮನೆಯಲ್ಲಿ ಅಕ್ಕನ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಸಾಧನೆಯ ಸದ್ದಿಲ್ಲ. ತಂಬೂರಿಗೆ ಗವಸು ಹಾಕಿಟ್ಟಿದ್ದಳು. ಬಿಟ್ಟೇಬಿಟ್ಟಳು, ತಾನೇ ಬಿಡಿಸಿದೆ ಎಂದು ಪ್ರಾಣೇಶ ಒಳಗೊಳಗೇ ಬೆಂದ. ಬಾಗಿಲು ತಟ್ಟಲು ಹೋಗಿ ಎಷ್ಟು ಸಲ ಹಿಂದಕ್ಕೆ ಬಂದನೋ.

ಒಂದು ಸಂಜೆ ಅವಳೇ ಹೊರಗೆ ಬಂದಳು. “ಭಾನುವಾರ ಬೆಳಗ್ಗೆ ಹಾಡ್ತೀನಿ. ಪಕ್ಕದ ರಸ್ತೆ ಯೋಗ ಕ್ಲಾಸಿನ ಹಾಲ್ ಕೇಳಿದೀನಿ. ಕಂಕಣ ಇಲ್ಲ, ಬಿಲ್ಲೆ ಇಲ್ಲ. ಬಂದಷ್ಟು ಜನ.”

“ಅಬ್ಬಾ, ಅಕ್ಕಾ! ನಾನು ಮುಂದಿನ ಸಾಲಲ್ಲೇ ಕೂತ್ಕೋತೀನಿ!”

“ನೀನು ಬರಬೇಡ.”

ಪ್ರಾಣೇಶನ ಮುಖ ಸಪ್ಪಗಾಯಿತು.

“ಕೋಪ ಅಲ್ವೋ ಇದು,” ಎಂದಳು ವೈಜಯಂತಿ. ಧ್ವನಿ ಮೆತ್ತಗಿತ್ತು. “ನನಗೆ ಈಗ ಜನರ ಮುಖ ನೋಡೋದು ಮರೆತೇಹೋಗಿದೆ, ಮೊದಲಿಂದ ಕಲೀಬೇಕು. ನೀನು ಎದುರಿಗಿದ್ರೆ ನಾನು ನಿನ್ನೊಬ್ಬನ ಮುಖಾನೇ ನೋಡ್ತೀನಿ. ನಾನು ಕೆಟ್ಟದಾಗಿ ಹಾಡಿದ್ರೂ ಅದು ಚೆನ್ನಾಗಿದೆ ಅನ್ನುತ್ತೆ. ನನ್ನ ಮೇಲಿನ ಪ್ರೀತಿಗೆ ನೀನು ಸುಳ್ಳು ಹೇಳ್ತೀಯ ಕಣೋ. ಗೊತ್ತಾಯ್ತಲ್ಲ ನನಗೆ.”

ಅವಳು ಹೇಳಿದ್ದು ನಿಜವಾಗಿತ್ತು.

ಭಾನುವಾರ ಪ್ರಾಣೇಶ ಮನೆಯಲ್ಲಿ ಕೂರಲಾರದೆ ಹೋದ. ಯೋಗ ಕ್ಲಾಸಿನ ಕಾಂಪೌಂಡಿನ ಹೊರಗೆ, ರಸ್ತೆಯ ಬದಿಯಲ್ಲಿ ಕಳ್ಳನ ಹಾಗೆ ನಿಂತ. ಒಳಗೆ ಎಷ್ಟು ಜನ ಬಂದಿದ್ದಾರೋ, ಬಂದವರು ಹೇಗಿದ್ದಾರೋ ಒಂದೂ ತಿಳಿಯದು. ಸಾವಿರ ಜನರ ನಾಡಿಯನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದವನಿಗೆ ಈಗ ಒಂದು ಗೋಡೆ ಅಡ್ಡವಾಗಿತ್ತು. ಆಟೋ, ತರಕಾರಿ ಗಾಡಿ, ಸ್ಕೂಟರುಗಳ ನಡುವೆ ಅಕ್ಕನ ಧ್ವನಿ ತುಂಡುತುಂಡಾಗಿ ಕೇಳಿಸುತ್ತಿತ್ತು. ಯಾವ ರಾಗವೆಂದು ಹಿಡಿಯುವಷ್ಟರಲ್ಲಿ ಧ್ವನಿ ನಿಂತಿತು.

ಅವನು ಕಿವಿಗೊಟ್ಟ. ಚಪ್ಪಾಳೆ ಇಲ್ಲ. ಕುರ್ಚಿಯ ಸದ್ದಿಲ್ಲ. ಪಿಟೀಲೂ ಇಲ್ಲ. ಮೌನ ಬೆಳೆಯುತ್ತಲೇ ಹೋಯಿತು. ಹೆದರಿಬಿಟ್ಟಳೇ? ಎದ್ದುಹೋದಳೇ? ಯಾರೂ ಇಲ್ಲವೇ ಒಳಗೆ? ಪ್ರಾಣೇಶನ ಕೈ ತಾನಾಗಿಯೇ ಗೇಟಿನ ಚಿಲಕಕ್ಕೆ ಹೋಯಿತು. ಒಂದು ಹೆಜ್ಜೆ ಒಳಗಿಟ್ಟರೆ ಸಾಕು, ಕಿಟಕಿಯಿಂದ ಎಲ್ಲ ಕಾಣುತ್ತದೆ. ಅಕ್ಕನಿಗೂ ಅವನು ಕಾಣುತ್ತಾನೆ.

ಚಿಲಕದಿಂದ ಕೈ ತೆಗೆದು, ಎರಡೂ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಎದೆ ಹೊಡೆದುಕೊಳ್ಳುವುದು ತನಗೇ ಕೇಳಿಸುತ್ತಿತ್ತು.

ಒಳಗೆ ವೈಜಯಂತಿ, ಬಿಟ್ಟ ಸ್ವರದಿಂದಲೇ, ಯಾವ ಅವಸರವೂ ಇಲ್ಲದೆ ಮತ್ತೆ ಹಾಡು ಎತ್ತಿಕೊಂಡಳು.